ಆಪ್ತಸಲಹೆ ಪ್ರಕರಣ: ಕ್ಯಾಸೆಟ್ ಕಾಲದ ಗಾಯಕಿ, ರೀಲ್ಸ್ ಕಾಲದ ಕಮೆಂಟು

ಇವರನ್ನು ಇಲ್ಲಿ ಲಲಿತಾ ಎಂದು ಕರೆಯುತ್ತೇನೆ. ಹೆಸರು, ಊರು, ಮನೆಯವರ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಲಲಿತಾ ಅವರಿಗೆ ಅರವತ್ತರ ಹತ್ತಿರ ವಯಸ್ಸು. 1980ರ ದಶಕದ ಕೊನೆಯಿಂದ ಹತ್ತು ವರ್ಷ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಅವರದೇ ಹವಾ. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ಊರೂರ ಜಾತ್ರೆ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಜಾನಪದ ಮತ್ತು ಭಕ್ತಿಗೀತೆಗಳ ಕ್ಯಾಸೆಟ್ ಮೇಲೆ ಅವರ ಫೋಟೊ ಇರುತ್ತಿತ್ತು. ಆಮೇಲೆ ಎಂಪಿ3 ಸಿಡಿ ಬಂತು, ಒಂದೇ ಸಿಡಿಯಲ್ಲಿ ನೂರಕ್ಕೂ ಜಾಸ್ತಿ ಹಾಡು. ಕ್ಯಾಸೆಟ್ ಮಾರುತ್ತಿದ್ದ ಅಂಗಡಿಗಳಲ್ಲಿ ಮೊಬೈಲ್ ಕರೆನ್ಸಿ ಮಾರತೊಡಗಿದರು. ಲಲಿತಾ ಅವರಿಗೆ ಕರೆ ಬರುವುದು ಕಡಿಮೆಯಾಯಿತು, ನಂತರ ನಿಂತೇ ಹೋಯಿತು.

ಹೋದ ವರ್ಷ ಅವರ ಹಳೆಯ ಹಾಡೊಂದನ್ನು ಯಾರೋ ವೇಗ ಹೆಚ್ಚಿಸಿ, ಬೀಟ್ ಸೇರಿಸಿ ರೀಲ್ಸ್‌ಗೆ ಹಾಕಿದರು. ಲಕ್ಷಗಟ್ಟಲೆ ಜನ ನೋಡಿದರು. ಹಾಡಿದವರ ಹೆಸರು ಎಲ್ಲೂ ಇರಲಿಲ್ಲ. ಮಗಳಿಗೆ ಹುರುಪು ಬಂತು. ಅಮ್ಮನ ಹೆಸರಲ್ಲಿ ಖಾತೆ ತೆರೆದು, ಲೈವ್‌ನಲ್ಲಿ ಅದೇ ಹಾಡು ಹಾಡಿಸಿದಳು. ಮೆಚ್ಚಿದವರೇ ಹೆಚ್ಚು. ಆದರೆ ನಡುವೆ ಒಂದು ಕಮೆಂಟು: "ವಾಯ್ಸ್ ಹೋಗಿದೆ ಆಂಟಿ, ರೆಸ್ಟ್ ತಗೊಳ್ಳಿ."

ಅವತ್ತಿನಿಂದ ಊಟ ಸೇರುತ್ತಿರಲಿಲ್ಲ. ನಡುರಾತ್ರಿ ಎದ್ದು ಆ ಕಮೆಂಟನ್ನೇ ಮತ್ತೆ ಮತ್ತೆ ಓದುತ್ತಿದ್ದರು. "ಅಮ್ಮನಿಗೆ ಈಗಿನ ಕಾಲಕ್ಕೆ ಹೊಂದ್ಕೊಳ್ಳೋದು ಕಲಿಸಿ ಮೇಡಂ" ಎಂದು ಮಗಳೇ ಕರೆತಂದಳು.

ಮೊದಲು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಮಾಡಿದೆ. ಕಳೆದ ಎರಡು ವಾರದ ನಿದ್ದೆ, ಹಸಿವು, ಆಸಕ್ತಿ, ಮನಸ್ಥಿತಿ ಬಗ್ಗೆ ಒಂಬತ್ತು ಪ್ರಶ್ನೆ ಅದರಲ್ಲಿ. ಮಧ್ಯಮ ಮಟ್ಟದ ಖಿನ್ನತೆ ಕಂಡಿತು. ಸಾಯುವ ಯೋಚನೆ ಇರಲಿಲ್ಲ. ಅದನ್ನು ಬಾಯಿಬಿಟ್ಟು ಕೇಳಿ ಖಚಿತ ಮಾಡಿಕೊಂಡೆ. ಥೈರಾಯ್ಡ್ ತೊಂದರೆಯಿಂದಲೂ ಹೀಗಾಗಬಹುದು, ಅದಕ್ಕೇ ಅದರ ಪರೀಕ್ಷೆಗೆ ಅವರ ಡಾಕ್ಟರ ಬಳಿ ಕಳಿಸಿದೆ, ಅದು ಸರಿಯಾಗಿಯೇ ಇತ್ತು.

ಮಗಳು ಹೇಳಿದ ಸಮಸ್ಯೆಯನ್ನು ನಾನು ಹಾಗೇ ಒಪ್ಪಲಿಲ್ಲ. ಲಲಿತಾ ಅವರಿಗೆ ಮೊಬೈಲ್ ಬರುತ್ತಿತ್ತು. ಯುಪಿಐನಲ್ಲಿ ತರಕಾರಿಯವನಿಗೆ ದುಡ್ಡು ಕೊಡುತ್ತಿದ್ದರು. ಅವರು ಹೊಸ ಕಾಲಕ್ಕೆ ಹೆದರಿರಲಿಲ್ಲ. ಕಳೆದುಹೋದ ಒಂದು ಬದುಕಿಗಾಗಿ ಅವರು ಯಾವತ್ತೂ ಅತ್ತಿರಲಿಲ್ಲ, ಅಷ್ಟೇ. ಗಂಡ ತೀರಿಕೊಂಡಾಗ ಹದಿಮೂರು ದಿನ ಮನೆ ತುಂಬ ಜನ ಇದ್ದರು. ವೇದಿಕೆ ಕೈಬಿಟ್ಟಾಗ ಯಾರು ಬಂದರು? ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡಿದ್ದು ಆ ಒಂದು ಕಮೆಂಟಿಗೆ ಹೊರಗೆ ಬಂತು.

ಇಂಟರ್‌ಪರ್ಸನಲ್ ಥೆರಪಿ ಎಂಬ ಚಿಕಿತ್ಸಾ ಕ್ರಮವೊಂದಿದೆ. 1970ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಕ್ಲೆರ್ಮನ್ ಮತ್ತು ವೈಸ್‌ಮನ್ ರೂಪಿಸಿದ್ದು. ಬದುಕಿನ ಪಾತ್ರ ಬದಲಾದಾಗ ಬರುವ ದುಃಖ ಅದು ಮುಖ್ಯವಾಗಿ ನೋಡುವ ವಿಷಯಗಳಲ್ಲಿ ಒಂದು. ಹಳೆಯ ಪಾತ್ರಕ್ಕಾಗಿ ದುಃಖಪಡಲು ಬಿಡಬೇಕು. ಆಮೇಲೆ ಅದರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಎರಡನ್ನೂ ನೋಡಿಸಬೇಕು. ಅನೇಕರು ಈ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಅಲ್ಲೇ ಕೆಲಸ ಜಾಸ್ತಿ ಅನಿಸುತ್ತದೆ.

ಮೊದಮೊದಲು ಅವರ ನೆನಪಲ್ಲಿ ಬರೀ ಒನ್ಸ್ ಮೋರ್, ಹಾರ, ಶಾಲು. "ಕಾರ್ಯಕ್ರಮ ಮುಗಿದ ಮೇಲೆ ಏನಾಗ್ತಿತ್ತು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ ಒಂದೊಂದೇ ಬಂತು. ರಾತ್ರಿ ಎರಡಕ್ಕೆ ಮೆಟಡೋರ್ ಹತ್ತಿ, ಕೀಬೋರ್ಡು, ತಬಲಾದ ನಡುವೆ ಕೂತೇ ನಿದ್ದೆ. ವೇದಿಕೆ ಹಿಂದೆ ಶೌಚಾಲಯ ಇಲ್ಲದೆ ಸಂಜೆಯಿಂದ ನೀರೇ ಕುಡಿಯದೆ ಇರುವುದು. ಕುಡಿದು ಬಂದು ಕೈ ಹಿಡಿಯಲು ನೋಡುವ ಆಯೋಜಕರು. ಬಾಕಿ ದುಡ್ಡು ಕೇಳಿದರೆ "ಮುಂದಿನ ವರ್ಷ ನೋಡೋಣ." ಮಗಳಿಗೆ ಜ್ವರ ಇದ್ದ ರಾತ್ರಿಗಳು. ಇದನ್ನೆಲ್ಲ ಹೇಳುತ್ತಾ ಸಿಟ್ಟಾದರು, ಅತ್ತರು, ಆಮೇಲೆ ಯಾವುದೋ ಊರಿನ ಪೆಂಡಾಲು ಗಾಳಿಗೆ ಹಾರಿಹೋದ ಕತೆ ಹೇಳಿ ನಕ್ಕರು.

ಒಂದು ಮಾತು ಅವರ ಬಾಯಿಂದಲೇ ಬಂತು. ಆಗ ಜನ ಹಾಡು ಕೇಳಲು ಚೀಟಿ ಕಳಿಸುತ್ತಿದ್ದರು. ಚೀಟಿ ಮೊದಲು ನಿರೂಪಕರ ಕೈಗೆ ಹೋಗುತ್ತಿತ್ತು. ಅಸಹ್ಯ ಬರೆದಿದ್ದರೆ ಅವರು ಓದಿ ಸುಮ್ನೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗಾಯಕಿಯ ತನಕ ಅದು ಬರುತ್ತಿರಲಿಲ್ಲ. "ಈಗ ಎಲ್ಲಾ ಚೀಟಿನೂ ನೇರ ನನ್ನ ಮುಖಕ್ಕೇ ಬರುತ್ತೆ ಮೇಡಂ" ಅಂದರು. ಎಷ್ಟು ಸರಿಯಾದ ಮಾತು! ಕಮೆಂಟುಗಳ ಬಗ್ಗೆ ನಾನು ಕೊಟ್ಟ ಸಲಹೆ ಇದರಿಂದಲೇ ಹುಟ್ಟಿತು. ಮಗಳು ನಿರೂಪಕಿ ಆಗಬೇಕು. ಕಮೆಂಟು ಮೊದಲು ಅವಳು ನೋಡಲಿ, ಕೆಟ್ಟ ಪದಗಳನ್ನು ತಡೆಯುವ ಸೆಟ್ಟಿಂಗ್ ಹಾಕಲಿ. ಸಂಜೆ ಒಂದು ಹೊತ್ತು ಇಬ್ಬರೂ ಕೂತು ಓದಲಿ. ರಾತ್ರಿ ಫೋನು ಹಾಲ್‌ನಲ್ಲೇ ಇರಲಿ.

ದನಿಯ ವಿಷಯ ಬೇರೆ. ಅದು ಮನಸ್ಸಿನ ಕಾಯಿಲೆ ಅಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನು ಬದಲಾಗಿ ಹೆಂಗಸರ ಧ್ವನಿತಂತುಗಳು ದಪ್ಪವಾಗಬಹುದು. ದನಿ ಕೆಳಗಿಳಿಯುತ್ತದೆ, ಮೇಲಿನ ಸ್ವರ ಎಟುಕುವುದಿಲ್ಲ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ, ರಿಯಾಜ್ ಬಿಟ್ಟ ಪಾಪ ಅಂದುಕೊಂಡಿದ್ದರು. ಇಎನ್‌ಟಿ ಡಾಕ್ಟರಿಗೆ ತೋರಿಸಿ, ಧ್ವನಿ ಚಿಕಿತ್ಸಕರನ್ನು ಕಾಣಲು ಹೇಳಿದೆ. ಮೈಸೂರಿನಲ್ಲಿ 1965ರಿಂದ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಧ್ವನಿ ಚಿಕಿತ್ಸಕರು ಅಭ್ಯಾಸ ಹೇಳಿಕೊಟ್ಟ ಮೇಲೆ ಲಲಿತಾ ಹಾರ್ಮೋನಿಯಂನ ಐದೂವರೆ ಮನೆಯಿಂದ ನಾಲ್ಕೂವರೆ ಮನೆಗೆ ಶ್ರುತಿ ಇಳಿಸಿದರು. ಹಳೆಯ ಕ್ಯಾಸೆಟ್ ಹಾಕಿಕೊಂಡು ಅದರ ಜೊತೆ ಹಾಡುವುದನ್ನು ನಿಲ್ಲಿಸಿ ಎಂದೆ. ಇಪ್ಪತ್ತೈದರ ಆ ಹುಡುಗಿಯ ಜೊತೆ ಪೈಪೋಟಿ ಯಾಕೆ ಬೇಕು, ಅಲ್ವಾ?

ಹಾಡಿಗೆ ಹಣ ಬಂದಿಲ್ಲ ಎಂಬ ಸಂಕಟವೂ ಇತ್ತು. ಒಂದೇ ಸಲ ದುಡ್ಡು ಪಡೆದು ಸಹಿ ಹಾಕಿದ್ದರು. "ಹೋಗ್ಲಿ ಬಿಡಿ" ಅನ್ನುವ ಸಲಹೆ ಇಂಥಲ್ಲಿ ಅನ್ಯಾಯ. 2012ರ ತಿದ್ದುಪಡಿ ಆದ ಮೇಲೆ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಗಾಯಕರ ರಾಯಲ್ಟಿ ಮಾತು ಇದೆ. ಹಳೆಯ ಒಪ್ಪಂದಕ್ಕೆ ಅದು ಎಷ್ಟು ಅನ್ವಯ ಎಂಬುದನ್ನು ವಕೀಲರೇ ನೋಡಬೇಕು. ಕಾಗದ ಹುಡುಕಿ ಅವರ ಬಳಿ ಹೋಗಿ ಎಂದೆ.

ತಾಯಿ ಮಗಳನ್ನು ಒಟ್ಟಿಗೆ ಕೂರಿಸಿದ ದಿನ ಕಷ್ಟದ್ದಾಗಿತ್ತು. "ಮತ್ತೆ ಫೇಮಸ್ ಆದ್ರೆ ನೀನು ಖುಷಿಯಾಗಿರ್ತೀಯ ಅಂದ್ಕೊಂಡೆ ಅಮ್ಮ. ಚಿಕ್ಕವಳಿದ್ದಾಗ ನೀನು ಖುಷಿಯಾಗಿರ್ತಿದ್ದಿದ್ದು ಪ್ರೋಗ್ರಾಂ ಇದ್ದ ದಿನ ಮಾತ್ರ" ಅಂದಳು ಮಗಳು. ಲಲಿತಾ ಅವರಿಗೆ ಇದು ಗೊತ್ತೇ ಇರಲಿಲ್ಲ. ಇನ್ನು ಮುಂದೆ ಏನು ಹಾಡಬೇಕು, ಹಾಡಬೇಕೋ ಬೇಡವೋ ಅನ್ನುವುದನ್ನು ಅಮ್ಮನೇ ತೀರ್ಮಾನಿಸಲಿ ಎಂದು ಇಬ್ಬರನ್ನೂ ಒಪ್ಪಿಸಿದೆ.

ಈಗ ಭಾನುವಾರ ಬೀದಿಯ ಮಕ್ಕಳಿಗೆ ಜಾನಪದ ಗೀತೆ ಕಲಿಸುತ್ತಾರೆ. ಅದರ ವಿಡಿಯೊ ಆಗಾಗ ಹಾಕುತ್ತಾರೆ, ಲೈವ್ ಬೇಡ ಎಂದಿದ್ದಾರೆ. ಒಂದು ಟಿವಿ ಕಾರ್ಯಕ್ರಮಕ್ಕೆ ಕರೆ ಬಂದಾಗ ಹಳೆಯ ಶ್ರುತಿಯಲ್ಲೇ ಹಾಡಬೇಕು ಎಂದಿದ್ದಕ್ಕೆ ಒಲ್ಲೆ ಅಂದರು. ನಿದ್ದೆ ಸರಿಯಾಗಿದೆ, ಮಾತ್ರೆ ಬೇಕಾಗಲಿಲ್ಲ. ಕೆಟ್ಟ ಕಮೆಂಟು ಕಣ್ಣಿಗೆ ಬಿದ್ದರೆ ಇವತ್ತಿಗೂ ಒಂದು ದಿನ ಮಂಕಾಗುತ್ತಾರೆ. ಹಾಡಿನ ಹಣದ ಬಗ್ಗೆ ವಕೀಲರು ಕಳಿಸಿದ ನೋಟಿಸಿಗೆ ಉತ್ತರ ಬಂದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರು ಊಟ ನಿದ್ದೆ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.