ಮುಳ್ಳು ಚುಚ್ಚಿದ ಕಡೆ ಕೀವು ಕಟ್ಟುವುದೇಕೆ?

ಪ್ರಶ್ನೆ: ಹೊಲದಲ್ಲಿ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತ್ತು. ಸಂಜೆಯ ಹೊತ್ತಿಗೆ ಆ ಜಾಗ ಕೆಂಪಾಗಿ ಊದಿಕೊಂಡು, ಒಂದೆರಡು ದಿನಗಳಲ್ಲಿ ಕೀವು ಕಟ್ಟಿತು. ರೋಗಾಣುಗಳಿಗೆ ಅಂಟಿಕೊಳ್ಳುವ ಪ್ರೋಟೀನುಗಳಾದ ಪ್ರತಿಕಾಯಗಳು ತಯಾರಾಗಲು ವಾರವೇ ಹಿಡಿಯುತ್ತದೆ ಎಂದು ಓದಿದ್ದೇನೆ. ಅಲ್ಲಿಯವರೆಗೆ ಬ್ಯಾಕ್ಟೀರಿಯಾಗಳನ್ನು ತಡೆಯುವುದು ಯಾವುದು? ಕೀವಾಯಿತೆಂದರೆ ದೇಹ ಸೋತಂತೆಯೇ?

ಉತ್ತರ: ಖಂಡಿತ ಇಲ್ಲ. ನೀವು ಕಂಡ ಕೆಂಪು, ಊತ, ಕೀವು ಮೂರೂ ಆ ತಡೆಯುವ ಕೆಲಸದ ಗುರುತುಗಳೇ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಪ್ರತಿಕಾಯಗಳಿಗಾಗಿ ವಾರಗಟ್ಟಲೆ ಕಾಯುತ್ತ ಕುಳಿತರೆ ದೇಹಕ್ಕೆ ಉಳಿಗಾಲವಿಲ್ಲ. ಆದ್ದರಿಂದ ಮೊದಲ ದಿನಗಳ ಹೊಣೆಯನ್ನು ಹುಟ್ಟಿನಿಂದಲೇ ಬಂದಿರುವ ಸಹಜ ರೋಗನಿರೋಧಕ ಶಕ್ತಿಯೇ ಹೊರುತ್ತದೆ.

ಮುಳ್ಳು ಚರ್ಮವನ್ನು ದಾಟಿದೊಡನೆ, ಅಲ್ಲಿಯೇ ನೆಲೆಸಿರುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಬ್ಯಾಕ್ಟೀರಿಯಾದ ಹೊರಕವಚದಲ್ಲಿರುವ, ನಮ್ಮ ದೇಹದಲ್ಲಿಲ್ಲದ ಅಂಶಗಳನ್ನು ಗುರುತಿಸಿ ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತವೆ. ಇದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ ಆ ಜಾಗ ಕೆಂಪಗೆ, ಬಿಸಿಯಾಗುತ್ತದೆ. ನಾಳದ ಗೋಡೆ ಸಡಿಲಗೊಂಡು ದ್ರವ ಒಸರುವುದರಿಂದ ಊತ ಬರುತ್ತದೆ. ಆ ದ್ರವದೊಂದಿಗೆ ಬರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಬ್ಯಾಕ್ಟೀರಿಯಾಗಳ ಮೈಗೆ ಅಂಟಿಕೊಂಡು, ಅವುಗಳನ್ನು ನುಂಗುವ ಕೆಲಸವನ್ನು ಸುಲಭಗೊಳಿಸುತ್ತವೆ.

ನುಂಗುವುದರಲ್ಲಿ ಮುಂಚೂಣಿಯಲ್ಲಿರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಕೆಲವೇ ಗಂಟೆಗಳಲ್ಲಿ ಇವು ರಕ್ತನಾಳದ ಗೋಡೆಗೆ ಅಂಟಿ, ಸಂದುಗಳಲ್ಲಿ ನುಸುಳಿ ಗಾಯವನ್ನು ತಲುಪಿ, ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುತ್ತವೆ. ಆ ಕೆಲಸದಲ್ಲಿ ತಾವೂ ಸಾಯುತ್ತವೆ. ಕೀವಿನಲ್ಲಿ ಬಹುಪಾಲು ಇರುವುದು ಹೀಗೆ ಸತ್ತ ನ್ಯೂಟ್ರೋಫಿಲ್‌ಗಳೇ. ವಯಸ್ಕರ ಮೂಳೆಮಜ್ಜೆ ದಿನವೊಂದಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈ ತಿಳಿವಳಿಕೆಯ ಮೂಲದಲ್ಲಿಯೂ ಒಂದು ಮುಳ್ಳಿದೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿ, ಮರುದಿನ ಬೆಳಿಗ್ಗೆ ನೋಡಿದಾಗ ಚಲಿಸುವ ಜೀವಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕಾಗಿ 1908ರ ನೊಬೆಲ್ ಪ್ರಶಸ್ತಿಯನ್ನು ಅವರು ವಿಜ್ಞಾನಿ ಪಾಲ್ ಎರ್ಲಿಚ್ ಅವರೊಂದಿಗೆ ಹಂಚಿಕೊಂಡರು.

ಆದರೂ ಕೀವನ್ನು ಹಿಸುಕಬೇಡಿ. ಸೋಂಕು ಒಳಗೆ ಹರಡಬಹುದು. ಜ್ವರ ಬಂದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹಬ್ಬಿದರೆ, ಅಥವಾ ನಿಮಗೆ ಸಕ್ಕರೆ ಕಾಯಿಲೆಯಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಧನುರ್ವಾಯುವಿನ ವಿಷದ ಮುಂದೆ ಈ ಸಹಜ ರಕ್ಷಣೆ ಸಾಲದು. ಕೊನೆಯ ಧನುರ್ವಾಯು ಚುಚ್ಚುಮದ್ದು ಪಡೆದು 5 ವರ್ಷ ದಾಟಿದ್ದರೆ, ಮಣ್ಣು ತಾಗಿದ ಇಂಥ ಗಾಯಕ್ಕೆ ಇನ್ನೊಂದು ಡೋಸ್ ಹಾಕಿಸಿಕೊಳ್ಳಬೇಕು.