ಒಂದೇ ಫೈಲ್, ಮೂರು ಕಂಪ್ಯೂಟರ್‌ನಲ್ಲಿ ಮೂರು ಥರದ ಕನ್ನಡ ಯಾಕೆ?

ಪ್ರಶ್ನೆ: ಸರ್, ನಾನು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಡಿಟಿಪಿ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುವ ವಿದ್ಯಾರ್ಥಿ. ಮನೆಯ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ, ವಿಎಸ್ ಕೋಡ್ ಎಂಬ ಕೋಡ್ ಬರೆಯುವ ಎಡಿಟರ್‌ನಲ್ಲಿ ಕನ್ನಡ ಮ್ಯಾಟರ್ ಟೈಪ್ ಮಾಡುತ್ತೇನೆ. ಅಲ್ಲಿ ‘ರಾಷ್ಟ್ರ’, ‘ಶಾಸ್ತ್ರ’ದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಕಾಲೇಜಿನ ಉಬುಂಟು (ಲಿನಕ್ಸ್) ಕಂಪ್ಯೂಟರಿನಲ್ಲಿ ಅಕ್ಷರದ ರೂಪವೇ ಬೇರೆ. ಅಂಗಡಿಯ ವಿಂಡೋಸ್ 7 ನೋಟ್‌ಪ್ಯಾಡ್‌ನಲ್ಲಿ ಅಕ್ಷರ ತೀರಾ ಸಣ್ಣ. ಒಮ್ಮೆ ಅಲ್ಲಿ ಹೊಸ ಫೈಲ್‌ಗೆ ಪೇಸ್ಟ್ ಮಾಡಿ ಸೇವ್ ಮಾಡಿದೆ. ತೆರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು! ನನ್ನ ಫೈಲ್ ಕೆಟ್ಟಿದೆಯಾ?

ಉತ್ತರ: ಮೂಲ ಫೈಲ್ ಚೆನ್ನಾಗಿಯೇ ಇದೆ. ಪೇಸ್ಟ್ ಮಾಡಿದ ಆ ಫೈಲ್ ಮಾತ್ರ ಹೋಯಿತು. ವಿಂಡೋಸ್ 7 ನೋಟ್‌ಪ್ಯಾಡ್ ಹೊಸ ಫೈಲನ್ನು ತಾನಾಗಿ ಆನ್ಸಿ ಎಂಬ ಹಳೆಯ ಸಂಕೇತ ರೂಪದಲ್ಲಿ ಉಳಿಸುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಸೇವ್ ಮಾಡುವಾಗ ಒಂದು ಎಚ್ಚರಿಕೆ ಬರುತ್ತದೆ, ನಾವು ಓದದೆ ಓಕೆ ಒತ್ತುತ್ತೇವೆ ಅಲ್ವಾ? ಇನ್ನು ಮೇಲೆ ಸೇವ್ ಆ್ಯಸ್ ಕೊಟ್ಟು, ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 (ಕನ್ನಡವೂ ಹಿಡಿಸುವ ಸಂಕೇತ ರೂಪ) ಆರಿಸಿ. ವಿಂಡೋಸ್ 10ರ 2019ರ ಆವೃತ್ತಿಯಿಂದ ನೋಟ್‌ಪ್ಯಾಡ್ ತಾನೇ ಹಾಗೆ ಉಳಿಸುತ್ತದೆ. ಅಂದಹಾಗೆ, ಪ್ರಶ್ನಾರ್ಥಕ ಚಿಹ್ನೆಯ ಬದಲು ಖಾಲಿ ಡಬ್ಬಿಗಳು ಕಂಡರೆ ಹೆದರಬೇಡಿ. ಅಕ್ಷರ ಒಳಗೆ ಭದ್ರವಾಗಿದೆ, ಆ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ.

ಉಳಿದದ್ದೆಲ್ಲ ಫಾಂಟಿನ ಕಥೆ. ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಇರುವುದು ಅಕ್ಷರಗಳ ಸಂಕೇತ ಮಾತ್ರ, ಫಾಂಟ್ ಇರುವುದಿಲ್ಲ. ವಿಂಡೋಸ್‌ನ ವಿಎಸ್ ಕೋಡ್ ಮೊದಲು ಕನ್ಸೋಲಾಸ್ ಎಂಬ ಫಾಂಟ್ ಬಳಸುತ್ತದೆ. ಅದರಲ್ಲಿ ಕನ್ನಡ ಇಲ್ಲ. ಆಗ ಕಂಪ್ಯೂಟರ್ ತನ್ನ ಹತ್ತಿರ ಇರುವ ಯಾವುದೋ ಕನ್ನಡ ಫಾಂಟ್ ತಂದು ಹಾಕುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಹೆಚ್ಚಾಗಿ ನಿರ್ಮಲಾ ಯುಐ. ಇದು ವಿಂಡೋಸ್ 8ರಿಂದ ಬಂದದ್ದು, ಹಾಗಾಗಿ ಅಂಗಡಿಯ ವಿಂಡೋಸ್ 7ರಲ್ಲಿ ಸಿಗುವುದು ತುಂಗಾ. ಅದೇ ಸೈಜ್ ಕೊಟ್ಟರೂ ತುಂಗಾ ಸಣ್ಣದಾಗಿ ಕಾಣುತ್ತದೆ. ಉಬುಂಟುವಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೋ ಇವುಗಳಲ್ಲಿ ಯಾವುದಿದೆಯೋ ಅದು. ಗುಬ್ಬಿ ಅಂದರೆ ನಿಮ್ಮ ಪಕ್ಕದ ತಾಲ್ಲೂಕಲ್ಲ, ನಿಜಕ್ಕೂ ಆ ಹೆಸರಿನ ಫಾಂಟ್ ಇದೆ!

ಒತ್ತಿನ ತೊಂದರೆಯೂ ಇಲ್ಲಿಂದಲೇ. ಎಡಿಟರ್ ಸಾಲಿನ ಎತ್ತರ ಅಳೆಯುವುದು ಇಂಗ್ಲಿಷ್ ಅಕ್ಷರಕ್ಕೆ. ‘ಷ್ಟ್ರ’ದಂತಹ ಎರಡು ಒತ್ತಿಗೆ ಅಷ್ಟು ಜಾಗ ಸಾಲದು. ವಿಎಸ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ಲೈನ್ ಹೈಟ್ ಹುಡುಕಿ 1.8 ಹಾಕಿ. 8ಕ್ಕಿಂತ ಕಡಿಮೆ ಅಂಕಿ ಕೊಟ್ಟರೆ ಫಾಂಟ್ ಸೈಜಿನ ಅಷ್ಟು ಪಟ್ಟು ಎಂದು ಅದು ಲೆಕ್ಕ ಹಾಕುತ್ತದೆ.

ಮೂರೂ ಕಡೆ ಒಂದೇ ಥರ ಬೇಕೆಂದರೆ ಫಾಂಟೂ ಒಂದೇ ಇರಬೇಕು. ನಿರ್ಮಲಾವನ್ನು ಅಂಗಡಿಗೆ ಕಾಪಿ ಮಾಡಬೇಡಿ, ಅದರ ಲೈಸೆನ್ಸ್ ಒಪ್ಪುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡ ಉಚಿತ, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ. ಮೂರರಲ್ಲೂ ಇನ್‌ಸ್ಟಾಲ್ ಮಾಡಿ. ವಿಎಸ್ ಕೋಡ್‌ನ ಫಾಂಟ್ ಫ್ಯಾಮಿಲಿಯಲ್ಲಿ ಇಂಗ್ಲಿಷ್ ಫಾಂಟಿನ ಹೆಸರು ಮೊದಲು, ಕಾಮಾ ಹಾಕಿ ನೋಟೋ ಆಮೇಲೆ ಬರೆಯಿರಿ. ಕನ್ನಡ ಫಾಂಟ್ ಮೊದಲು ಬಂದರೆ, ಅದರಲ್ಲಿ ಇಂಗ್ಲಿಷೂ ಇದ್ದಾಗ ಕೋಡಿನ ಸಾಲುಗಳ ಜೋಡಣೆ ಕೆಡುತ್ತದೆ. ಅಂಗಡಿಯ ನೋಟ್‌ಪ್ಯಾಡ್‌ಗೆ ಒಂದೇ ಫಾಂಟ್ ಕೊಡಬಹುದು, ಅಲ್ಲಿ ನೇರವಾಗಿ ನೋಟೋ ಆರಿಸಿ.

ಪ್ರಿಂಟಿಗೆ ಬೇರೆಯವರಿಗೆ ಕಳಿಸುವುದಿದ್ದರೆ ಸುಮ್ನೆ ಟೆಕ್ಸ್ಟ್ ಫೈಲ್ ಕೊಡಬೇಡಿ. ಫಾಂಟ್ ಒಳಗೇ ಸೇರಿರುವ ಪಿಡಿಎಫ್ ಕೊಡಿ.