ಓದುಗರ ಪ್ರಶ್ನೆ: ಟಿಎಲ್‌ಆರ್4 ಜೀನಿನ ಒಂದಕ್ಷರದ ವ್ಯತ್ಯಾಸ

ಪ್ರಶ್ನೆ: ಕಿಟ್ ತರಿಸಿ, ಜೊಲ್ಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ‘ಟಿಎಲ್‌ಆರ್4, ಆರ್‌ಎಸ್4986790, ಎ/ಜಿ: ಸೋಂಕಿನ ಅಪಾಯ ಹೆಚ್ಚು’ ಎಂದಿದೆ. ಏನಾದರೂ ಔಷಧಿ ತೆಗೆದುಕೊಳ್ಳಬೇಕೇ? (ದಾವಣಗೆರೆಯ ಓದುಗರು)

ಬೇಡ. ಈ ಒಂದು ಸಾಲು ನೋಡಿಕೊಂಡು ಕೊಡುವ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ.

ಟಿಎಲ್‌ಆರ್4 ಇರುವುದು 9ನೇ ವರ್ಣತಂತುವಿನಲ್ಲಿ. ಅದರಿಂದ ತಯಾರಾಗುವ 839 ಅಮೈನೋ ಆಮ್ಲಗಳ ಪ್ರೋಟೀನು ಬಿಳಿ ರಕ್ತಕಣಗಳ ಹೊರಮೈಯಲ್ಲಿರುತ್ತದೆ. ಇ. ಕೋಲೈ, ಸಾಲ್ಮೊನೆಲ್ಲಾ ಮುಂತಾದ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಕವಚದಲ್ಲಿರುವ ಎಲ್‌ಪಿಎಸ್ ಎಂಬ ವಸ್ತುವನ್ನು ಎಂಡಿ-2 ಎಂಬ ಜೊತೆ ಪ್ರೋಟೀನಿನ ನೆರವಿನಿಂದ ಹಿಡಿದು, ಉರಿಯೂತಕ್ಕೆ ಚಾಲನೆ ಕೊಡುತ್ತದೆ. ಈ ಜೀನಿನ ಕೆಲಸ ಇದೇ ಎಂದು 1998ರಲ್ಲಿ ಇಲಿಗಳಲ್ಲಿ ತೋರಿಸಿದ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಪುರಸ್ಕಾರದಲ್ಲಿ ಪಾಲುದಾರರಾದರು. ನಿಮ್ಮ ಎ/ಜಿ ಎಂದರೆ, ಜೀನಿನ ಎರಡು ಪ್ರತಿಗಳ ಪೈಕಿ ಒಂದರಲ್ಲಿ ಎ ಅಕ್ಷರದ ಬದಲು ಜಿ ಇದ್ದು, ಪ್ರೋಟೀನಿನ 299ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲದ ಜಾಗಕ್ಕೆ ಗ್ಲೈಸಿನ್ ಬಂದಿದೆ. ಇಂಥವರಿಗೆ ಎಲ್‌ಪಿಎಸ್ ಉಸಿರಾಡಲು ಕೊಟ್ಟಾಗ ಶ್ವಾಸನಾಳದ ಪ್ರತಿಕ್ರಿಯೆ ಮಂದವಾಗಿತ್ತು ಎಂದು 2000ರಲ್ಲಿ ಒಂದು ಅಧ್ಯಯನ ಹೇಳಿತು. ಅನಂತರ ಬಂದವು ಒಂದೊಂದು ದಿಕ್ಕಿಗೆ ಎಳೆಯುತ್ತವೆ. ಹೀಗಿರುವಾಗ ‘ಅಪಾಯ ಹೆಚ್ಚು’ ಎಂದು ಅಚ್ಚುಹಾಕುವುದು ವ್ಯಾಪಾರದ ಮಾತು. ಪದೇ ಪದೇ ಆಸ್ಪತ್ರೆ ಸೇರುವಂಥ ಸೋಂಕು ಬರುತ್ತಿದ್ದರೆ ವೈದ್ಯರು ಮೊದಲು ಕೇಳುವುದು ರಕ್ತಕಣಗಳ ಎಣಿಕೆ ಮತ್ತು ಇಮ್ಯುನೋಗ್ಲೋಬುಲಿನ್ ಮಟ್ಟವನ್ನು. ಈ ವರದಿಯನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಈ ಬದಲಾವಣೆ ಆಫ್ರಿಕಾ, ಯುರೋಪ್, ಏಷ್ಯಾಗಳಲ್ಲಿ ಬೇರೆ ಬೇರೆ ಎನ್ನುತ್ತಾರೆ. ಏಕೆ? (ಧಾರವಾಡದ ಪ್ರೌಢಶಾಲಾ ಶಿಕ್ಷಕರು)

ಇದೇ ಪ್ರೋಟೀನಿನ 399ನೇ ಸ್ಥಾನದಲ್ಲಿ ಥ್ರಿಯೋನಿನ್ ಹೋಗಿ ಐಸೋಲ್ಯೂಸಿನ್ ಬರುವ ಇನ್ನೊಂದು ಬದಲಾವಣೆಯುಂಟು. ಎರಡನ್ನೂ ಸೇರಿಸಿ ನೋಡಿದರೆ ಚಿತ್ರ ಬೇರೆಯೇ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕನ್ನರಲ್ಲಿ 299ರದು ಸಾಮಾನ್ಯವಾಗಿ ಒಂಟಿಯಾಗಿ ಬರುತ್ತದೆ. ಯುರೋಪಿನಲ್ಲಿ ಎರಡೂ ಜೋಡಿಯಾಗಿ, ಒಂದೇ ಪ್ರತಿಯ ಮೇಲೆ ಕೂತಿರುತ್ತವೆ. ಭಾರತದಲ್ಲೂ ಬಹುಪಾಲು ಜೋಡಿಯೇ, ಪ್ರಮಾಣ ಶೇ 10ರ ಆಸುಪಾಸು. ಚೀನಾ, ಜಪಾನ್‌ಗಳಲ್ಲಿ ಎರಡೂ ಇಲ್ಲವೆನ್ನುವಷ್ಟು ವಿರಳ.

2007ರಲ್ಲಿ ಮುಂದಿಟ್ಟ ಒಂದು ವಿವರಣೆ ಹೀಗಿದೆ: ಒಂಟಿ 299 ಮೆದುಳಿನ ಮಲೇರಿಯಾದಿಂದ ರಕ್ಷಣೆ ಕೊಡುತ್ತಿದ್ದುದರಿಂದ ಆಫ್ರಿಕಾದಲ್ಲಿ ಉಳಿಯಿತು, ಆದರೆ ಗ್ರಾಂ ನೆಗೆಟಿವ್ ಸೋಂಕಿನ ಎದುರು ಅದು ಭಾರವಾಗುವುದರಿಂದ ಮಲೇರಿಯಾ ಇಲ್ಲದ ಕಡೆ ಕರಗಿತು. ಕೇಳಲು ಅಚ್ಚುಕಟ್ಟಾಗಿದೆ. ಆದರೆ 2006ರಲ್ಲೇ ಘಾನಾದ ಮಕ್ಕಳಲ್ಲಿ ನಡೆದ ಅಧ್ಯಯನದಲ್ಲಿ ಈ ಬದಲಾವಣೆ ಇದ್ದವರಿಗೆ ತೀವ್ರ ಮಲೇರಿಯಾ ಹೆಚ್ಚೇ ಕಂಡಿತ್ತು. ಸಣ್ಣ ಗುಂಪುಗಳು ವಲಸೆ ಹೋದಾಗ ಕೆಲವು ರೂಪಗಳು ಆಕಸ್ಮಿಕವಾಗಿಯೇ ಕಳೆದುಹೋಗುತ್ತವೆ. ಪೂರ್ವ ಏಷ್ಯಾಕ್ಕೆ ಆ ಉತ್ತರವೇ ಸಾಕಾಗಬಹುದು. ತರಗತಿಯಲ್ಲಿ ಎರಡನ್ನೂ ಹೇಳಿ.

ಪ್ರಶ್ನೆ: ಹಾಗಾದರೆ ಚೀನೀಯರ ರೋಗನಿರೋಧಕ ಶಕ್ತಿ ನಮಗಿಂತ ಗಟ್ಟಿಯೇ?

ಇಲ್ಲ. ನೂರಾರು ಜೀನುಗಳು ಸೇರಿ ಮಾಡುವ ಕೆಲಸವನ್ನು ಒಂದಕ್ಷರದಿಂದ ತೂಗಲಾಗದು.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗಾಗಿ 299ರ ಭಾಗವನ್ನು ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲಿಸಿ ಹೆಚ್ಚಿಸುವ ವಿಧಾನ) ಮಾಡಿ ಎನ್‌ಕೋ-1 ಕಿಣ್ವದಿಂದ ಕತ್ತರಿಸುತ್ತಿದ್ದೇನೆ. 40 ಮಾದರಿಗಳೂ 249 ಬೇಸ್‌ಗಳ ಒಂದೇ ಬ್ಯಾಂಡ್ ತೋರಿಸುತ್ತಿವೆ. ಎಲ್ಲರೂ ಎ/ಎ ಎಂದು ಬರೆಯಲೇ? (ಮೈಸೂರಿನ ವಿದ್ಯಾರ್ಥಿನಿ)

ಖಂಡಿತ ಬರೆಯಬೇಡಿ. ಜೀನಿನ ಪ್ರತಿಗಳ ಪೈಕಿ ಜಿ ಶೇ 10ರಷ್ಟಿದ್ದರೆ 100ರಲ್ಲಿ 19 ಮಂದಿಯಲ್ಲಿ ಕನಿಷ್ಠ ಒಂದು ಜಿ ಇರುತ್ತದೆ. ಅಂದರೆ 40ರಲ್ಲಿ ಏಳೆಂಟು ಸಿಗಬೇಕಿತ್ತು. ಈ ವಿಧಾನದಲ್ಲಿ ಕತ್ತರಿಯಾಗುವುದು ಜಿ ಇರುವ ತುಣುಕು ಮಾತ್ರ (223 ಮತ್ತು 26). ಆದ್ದರಿಂದ ಕಿಣ್ವ ಸತ್ತಿದ್ದರೂ ಜೆಲ್ ಮೇಲೆ ಎಲ್ಲರೂ ಎ/ಎ ಆಗಿಯೇ ಕಾಣುತ್ತಾರೆ. ಸೀಕ್ವೆನ್ಸಿಂಗ್‌ನಿಂದ ಖಚಿತವಾದ ಎ/ಜಿ ಮಾದರಿಯೊಂದನ್ನು ಪ್ರತಿ ಬಾರಿಯೂ ಜೊತೆಗಿಟ್ಟು ಕತ್ತರಿಸಿ.

ಎರಡನೆಯ ಅನುಮಾನ ಪಿಸಿಆರ್‌ನಲ್ಲಿ ನಕಲು ಮಾಡುವ ಕಿಣ್ವವಾದ ಪಾಲಿಮರೇಸ್ ಮೇಲೆ. ಕತ್ತರಿ ಬೀಳುವ ಸಿಸಿಎಟಿಜಿಜಿ ಜಾಗ ಮೂಲ ಡಿಎನ್‌ಎಯಲ್ಲಿ ಇಲ್ಲ. ನಕಲು ಶುರುಮಾಡಿಸುವ ಚಿಕ್ಕ ತುಣುಕಾದ ಫಾರ್ವರ್ಡ್ ಪ್ರೈಮರ್‌ನ 3' ತುದಿಯ ಹತ್ತಿರ ಬೇಕೆಂದೇ ಒಂದು ಅಕ್ಷರ ತಪ್ಪಾಗಿಟ್ಟು ಅದನ್ನು ಸೃಷ್ಟಿಸಲಾಗಿದೆ. ತಪ್ಪು ತಿದ್ದುವ ಪಿಎಫ್‌ಯು ಮಾದರಿಯ ಕಿಣ್ವ ಆ ತುದಿಯನ್ನು ಮೆದ್ದು ಸರಿಮಾಡಿಬಿಡಬಹುದು. ಸಾದಾ ಟ್ಯಾಕ್ ಬಳಸಿ.

ಕತ್ತರಿಸಲು 20 ಮೈಕ್ರೋಲೀಟರ್ ಸಾಕು: ಪಿಸಿಆರ್ ಉತ್ಪನ್ನ 10, ಹತ್ತುಪಟ್ಟು ಬಫರ್ 2, ಕಿಣ್ವ 5ರಿಂದ 10 ಯೂನಿಟ್, ಉಳಿದದ್ದು ನೀರು. 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, 80 ಡಿಗ್ರಿಯಲ್ಲಿ 20 ನಿಮಿಷ ಇಟ್ಟು ಕಿಣ್ವವನ್ನು ನಿಲ್ಲಿಸಿ. ಕಿಣ್ವದ ಪಾಲು 2 ಮೈಕ್ರೋಲೀಟರ್ ಮೀರದಿರಲಿ. ಕಿಣ್ವದ ಜೊತೆ ಬರುವ ಗ್ಲಿಸರಾಲ್ ಹೆಚ್ಚಾದರೆ ಬೇಡದ ಕಡೆಯೂ ಕತ್ತರಿ ಬೀಳುತ್ತದೆ. 249 ಮತ್ತು 223ರ ನಡುವೆ 26 ಬೇಸ್‌ಗಳ ಅಂತರವಷ್ಟೇ. ಶೇ 1.5ರ ಅಗರೋಸ್‌ನಲ್ಲಿ ಎರಡೂ ಒಂದಾಗಿಯೇ ಕಾಣುತ್ತವೆ. ಶೇ 3ರಿಂದ 4ರ ಜೆಲ್ ಹಾಕಿ, ನಿಧಾನ ಓಡಿಸಿ. 26ರ ತುಣುಕು ಕಾಣದಿದ್ದರೆ ಗಾಬರಿ ಬೇಡ.

ಅರೆಬರೆ ಕತ್ತರಿಯಾದರೆ ಜಿ/ಜಿ ಇರುವವರು ಎ/ಜಿ ಆಗಿ ಕಾಣುತ್ತಾರೆ. ಇದನ್ನು ಹಿಡಿಯಲು ಹಾರ್ಡಿ-ವೈನ್‌ಬರ್ಗ್ ಲೆಕ್ಕ (ಅಕ್ಷರದ ಪ್ರಮಾಣದಿಂದ ಎಷ್ಟು ಮಂದಿ ಯಾವ ಜೋಡಿ ಎಂದು ಅಂದಾಜಿಸುವುದು) ಹಾಕಿ: 200 ಮಂದಿಯಲ್ಲಿ ಜಿ ಶೇ 10 ಇದ್ದರೆ ಎ/ಎ 162, ಎ/ಜಿ 36, ಜಿ/ಜಿ 2 ನಿರೀಕ್ಷೆ. ಇಷ್ಟು ಕಡಿಮೆ ಜಿ/ಜಿ ಇರುವಲ್ಲಿ ಲೆಕ್ಕವೂ ಮಂಕು, ಆದ್ದರಿಂದ ಪ್ರತಿ ಹತ್ತರಲ್ಲೊಂದನ್ನು ಸೀಕ್ವೆನ್ಸ್ ಮಾಡಿಸಿ.

ಪ್ರಶ್ನೆ: 299, 399 ಎರಡರಲ್ಲೂ ಮಿಶ್ರ ಫಲಿತಾಂಶ ಬಂದರೆ ಜೋಡಿ ಎಂದು ಬರೆಯಬಹುದೇ? (ಅವರೇ)

ಅಷ್ಟರಿಂದ ಆಗದು. ಎರಡೂ ಒಂದೇ ಪ್ರತಿಯಲ್ಲಿರಬಹುದು, ಅಥವಾ ತಾಯಿಯಿಂದೊಂದು, ತಂದೆಯಿಂದೊಂದು ಬಂದಿರಬಹುದು. ಎರಡು ಬೇರೆ ಪಿಸಿಆರ್‌ಗಳಿಗೆ ಅದು ತಿಳಿಯುವುದಿಲ್ಲ. ಅದೃಷ್ಟಕ್ಕೆ ಇವುಗಳ ನಡುವಿನ ದೂರ ಸರಿಯಾಗಿ 300 ಬೇಸ್ (ಪ್ರೋಟೀನಿನ ಸಂಕೇತದ 896 ಮತ್ತು 1196ನೇ ಅಕ್ಷರಗಳು), ಅದೂ ಜೀನಿನ ಒಂದೇ ಸಂಕೇತ ತುಂಡಿನಲ್ಲಿ, ಅಂದರೆ ಒಂದೇ ಎಕ್ಸಾನ್‌ನಲ್ಲಿ. ಎರಡನ್ನೂ ಒಳಗೊಂಡ ಒಂದೇ ತುಣುಕು ತೆಗೆದು, ಬ್ಯಾಕ್ಟೀರಿಯಾದಲ್ಲಿ ಕ್ಲೋನ್ ಮಾಡಿ ಐದಾರು ಕಾಲೊನಿಗಳನ್ನು ಸೀಕ್ವೆನ್ಸ್ ಮಾಡಿಸಿ. ತಂದೆತಾಯಿಯ ಮಾದರಿ ಸಿಕ್ಕರೆ ಇನ್ನೂ ಸುಲಭ. ನೇರ ಸ್ಯಾಂಗರ್ ಸೀಕ್ವೆನ್ಸಿಂಗ್ ಸಾಲದು, ಎರಡು ಕಡೆಯೂ ಜೋಡಿ ಶಿಖರವಷ್ಟೇ ಕಾಣುತ್ತದೆ.